ಯಾರೂ ಹರಿಯದ ಚೀಟಿ

"ಹರಿಯೋದಾ? ಚೀಟೀನಾ?" ಬರ್ನಿಸ್ ಪೆಲ್ಕಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. "ಈ ಮನೇಲಿ ಮನುಷ್ಯರನ್ನ ಹರಿದು ಹಾಕ್ತಾರೆ ಲೆಫ್ಟಿನೆಂಟ್. ಚೀಟಿ ಹರಿಯಲ್ಲ."

ಅವಳು ಅದನ್ನು ಪಿಸುಗುಟ್ಟಿದಳು. ಲಾಥ್ರಪ್ ನಿಘಂಟು ಕಚೇರಿಯ ಮೂರನೇ ಮಹಡಿಯಲ್ಲಿ ಪಿಸುಮಾತೂ ಅಪರಾಧವೇ. ಕಬ್ಬಿಣದ ಬೀರುಗಳ ಸಂದಿಯಲ್ಲಿ ನಾವಿಬ್ಬರೂ ಕಳ್ಳರ ಹಾಗೆ ಬಗ್ಗಿ ನಿಂತಿದ್ದೆವು. ನನ್ನ ಕೈಯಲ್ಲಿ ಅಂಗೈಯಗಲದ ಒಂದು ಬಿಳಿ ಚೀಟಿ ಇತ್ತು.

ಮೇಲುಗಡೆ ಪದ: ಇವೊಕೆಟಿವ್. ಕೆಳಗೆ ಅದರ ಅರ್ಥ ತೋರಿಸುವ ಒಂದು ಉದಾಹರಣೆ ವಾಕ್ಯ: "ಕರಕಲಾದ ಮೇಪಲ್ ಪಾಕ ಮತ್ತು ಸುಟ್ಟ ಉಣ್ಣೆ, ಎರಡೂ ಬೆರೆತ ಆ ವಾಸನೆ ಅವನಲ್ಲಿ ಬಾಲ್ಯದ ಅಡುಗೆಮನೆಯ ನೆನಪನ್ನು ಎಬ್ಬಿಸಿತು."

ಮೂಲೆಯಲ್ಲಿ ನೇರಳೆ ಮುದ್ರೆ: ವಿ. ಹ್ಯಾಸ್ಕಲ್, ೧೪ ಮಾರ್ಚ್ ೧೯೭೪. ಅಂದರೆ ಕಳೆದ ಗುರುವಾರ.

ಇದೇ ಕಚೇರಿಯಲ್ಲಿ ಚೀಟಿಗಳನ್ನು ತಿದ್ದುತ್ತಿದ್ದ ಲೈಮನ್ ಸ್ಪೂನರ್ ತನ್ನ ಅಡುಗೆಮನೆಯಲ್ಲಿ ಬುಧವಾರ ಸಂಜೆ ಒಲೆಯ ಸಲಾಕೆಯ ಏಟಿಗೆ ಸತ್ತಿದ್ದ. ಹೆಣ ಪೊಲೀಸರಾದ ನಮಗೆ ಸಿಕ್ಕಿದ್ದು ಶುಕ್ರವಾರ ಮಧ್ಯಾಹ್ನ. ಒಲೆಯ ಮೇಲೆ ಒಂದು ಬಾಣಲೆಯಲ್ಲಿ ಮೇಪಲ್ ಪಾಕ ಕುದಿದು ಕುದಿದು ಇದ್ದಿಲಾಗಿತ್ತು, ಅದರೊಳಗೆ ಒಂದು ಉಣ್ಣೆಯ ಕೈಗವಸು ಬಿದ್ದು ಸುಟ್ಟಿತ್ತು. ಈ ಎರಡು ಸಂಗತಿಯನ್ನು ಪತ್ರಿಕೆಯವರಿಗೆ ನಾನು ಬಿಟ್ಟುಕೊಟ್ಟಿರಲಿಲ್ಲ. ಗೊತ್ತಿದ್ದದ್ದು ನನಗೆ, ಸಾರ್ಜೆಂಟ್ ಡೂಲಿಗೆ, ವೈದ್ಯರಿಗೆ. ಮತ್ತೆ ಕೊಂದವರಿಗೆ.

ಹಾಗಿದ್ದರೆ ಗುರುವಾರ ಬೆಳಿಗ್ಗೆಯೇ ಈ ವಾಸನೆಯನ್ನು ಚೀಟಿಗೆ ಇಳಿಸಲು ಮಿಸ್ ಹ್ಯಾಸ್ಕಲ್‌ಗೆ ಹೇಗೆ ಸಾಧ್ಯವಾಯಿತು?

"ಈ ಮುದ್ರೆ ಸುಳ್ಳು ಹೇಳುತ್ತಾ?" ಎಂದೆ.

"ಮೂವತ್ತೊಂದು ಮುದ್ರೆಗೂ ದಿನಾ ಬೆಳಿಗ್ಗೆ ತಾರೀಕು ತಿರುಗಿಸೋಳು ನಾನು. ನನ್ನ ಗಂಡನ್ನ ನಂಬಲ್ಲ, ಇದನ್ನ ನಂಬ್ತೀನಿ."

"ಕೊಂದವಳು ಇಂಥದ್ದನ್ನ ತಂದು ನಿನ್ನ ಕೈಗೇ ಕೊಡ್ತಾಳಾ?"

"ಬರೆದಾದ್ಮೇಲೆ ಅದು ಅವರದ್ದಲ್ಲ, ಬೀರೂದು. ಸಾವಿರದ ಒಂಬೈನೂರ ಹನ್ನೊಂದರ ಚೀಟೀನೂ ಇದೆ. ತಪ್ಪು ಬರೆದಿದ್ದೂ ಇದೆ. ಒಬ್ಬರಿಗೊಬ್ಬರು ಕಳಿಸೋ ಗುಲಾಬಿ ಚೀಟಿ ಇದ್ಯಲ್ಲ, ಮಾತಿನ ಬದಲು? ಅದನ್ನೂ ಸಂಜೆ ಜೋಡಿಸಿ ಇಡ್ತೀನಿ. ಯಾರೋ ಯಜಮಾನರನ್ನ ಬೈದು ಬರೆದಿದ್ದ ಚೀಟಿ 'ಕತ್ತೆ' ಅನ್ನೋ ಪದದ ಪೆಟ್ಟಿಗೇಲಿದೆ. ನೋಡ್ತೀರಾ?"

ನನ್ನ ತಾಯಿ ಮತ್ತು ಬರ್ನಿಸಳ ತಾಯಿ ಊರಿನ ಹತ್ತಿ ಗಿರಣಿಯಲ್ಲಿ ಅಕ್ಕಪಕ್ಕದ ಮಗ್ಗದಲ್ಲಿ ದುಡಿದವರು. ಆ ಸಲಿಗೆ ಅವಳಿಗಿತ್ತು. ಉಳಿದವರಿಗೆ ನಾನು, ಅರ್ಮಾನ್ ತಿಬೋ, ಕೆನಡಾದಿಂದ ಬಂದ ಗಿರಣಿ ಜನರ ಪೈಕಿ ಒಬ್ಬ. ಬೂಟು ಒರೆಸಿಕೊಂಡು ಒಳಗೆ ಬರಬೇಕಾದವನು.

ಇವೊಕೆಟಿವ್ ಎಂಬ ಆ ಒಂದು ಪದದ ಪೆಟ್ಟಿಗೆಯಲ್ಲಿ ಇನ್ನೂರ ಹನ್ನೆರಡು ಚೀಟಿಗಳಿದ್ದವು. ಪತ್ರಿಕೆಗಳಿಂದ, ಪುಸ್ತಕಗಳಿಂದ, ಮನೆ ಮಾರಾಟದ ಜಾಹೀರಾತುಗಳಿಂದ ಎತ್ತಿ ಬರೆದವು. ಅಜ್ಜಿಯ ಅಡುಗೆಮನೆ, ಕಡಲ ಗಾಳಿ, ಚರ್ಚಿನ ಗಂಟೆ, ಹಳೆಯ ಪಿಯಾನೊ. ಎಲ್ಲವೂ ಸಕ್ಕರೆ. ನನಗಂತೂ ಹಲ್ಲು ಜುಮ್ಮೆಂದಿತು.

ಆ ಗುರುವಾರದ ಚೀಟಿಯ ಹಿಂದೆಯೇ ಮಿಸ್ ಹ್ಯಾಸ್ಕಲ್ ಬರೆದ ಇನ್ನೊಂದು ಇತ್ತು. ಲೈಲಾಕ್ ಹೂವಿನ ಪರಿಮಳದ ಮೇಲೆ. ಅದರ ಅಡ್ಡಕ್ಕೆ ಸ್ಪೂನರನ ಕೆಂಪು ಶಾಯಿ ಹರಿದಿತ್ತು: "ಹನ್ನೊಂದನೇ ಸಲ ವಾಪಸ್. ಈ ಮೂಗು ಯಾರದು, ಮಿಸ್ ಹ್ಯಾಸ್ಕಲ್? ನಿಮ್ಮದಂತೂ ಅಲ್ಲ."

"ಯಾವಾಗಲೂ ಹೀಗೇನಾ ಇವನು?"

"ಹೀಗೇ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮಿಸ್ ಹ್ಯಾಸ್ಕಲ್ ಮಾತ್ರ ಒಂದು ಸಲಾನೂ ಅಳಲಿಲ್ಲ. ಅದೇ ಅವನಿಗೆ ಉರಿ."

ಸತ್ತವನ ಬಗ್ಗೆ ನನಗೆ ಅಯ್ಯೋ ಎನ್ನಿಸಲಿಲ್ಲ. ಬೀರುವಿನ ಮೇಲಿನ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ನಾಲ್ಕು ಗಂಟೆಗೆ ಸರ್ಕಾರಿ ವಕೀಲರು ಸ್ಟಾಶ್ ವೊಯ್ತಾಸ್‌ನ ಮೇಲೆ ಕೊಲೆ ಆರೋಪ ಹೊರಿಸಲಿದ್ದರು.

ವೊಯ್ತಾಸ್ ಸ್ಪೂನರನ ಮನೆಗೆ ಸೌದೆ ಕಡಿದುಕೊಡುತ್ತಿದ್ದ ಪೋಲಿಷ್ ಮುದುಕ. ಬಾಣಲೆಗೆ ಬಿದ್ದ ಕೈಗವಸು ಅವನದು. ಬುಧವಾರ ಸಂಜೆ ಮೇಪಲ್ ಮರದ ರಸದ ಬಕೆಟ್ಟು ತಂದುಕೊಟ್ಟಿದ್ದೂ ಅವನೇ. ಆಮೇಲೆ ಕುಡಿದಿದ್ದ, ಎಲ್ಲಿ ಬಿದ್ದ, ಹೇಗೆ ಎದ್ದ, ಒಂದೂ ಅವನಿಗೆ ನೆನಪಿರಲಿಲ್ಲ.

ನೆನಪಿಲ್ಲದಿದ್ದರೆ ಎಬ್ಬಿಸೋಣ ಎಂದುಕೊಂಡವನು ನಾನು. ಇವತ್ತು ಬೆಳಿಗ್ಗೆ ಅವನ ಸೆಲ್ಲಿನ ಹೊರಗೆ ಸ್ಟೌ ಹಚ್ಚಿಸಿ, ಪಾಕ ಕರಕಲು ಮಾಡಿ, ಅದರ ಮೇಲೆ ಅಂಗಡಿಯಿಂದ ತಂದ ಕೈಗವಸನ್ನು ಹಾಕಿದೆ. ಹೊಗೆ ಸರಳುಗಳ ಒಳಗೆ ಹೋಯಿತು. ಮುದುಕ ಮೊದಲು ಎದ್ದು ನಿಂತ. ಆಮೇಲೆ ಗೋಡೆಗೆ ಹಣೆ ಚಚ್ಚಿಕೊಂಡು "ಹಾನ್ಯಾ, ಹಾನ್ಯಾ" ಎಂದು ಅತ್ತ. ಯಾರು ಹಾನ್ಯಾ ಎಂದರೆ ಹೇಳಲಿಲ್ಲ. ಡೂಲಿ ಖುಷಿಯಿಂದ ತೊಡೆ ತಟ್ಟಿಕೊಂಡ. ನನಗೆ ಮಾತ್ರ ಆ ಅಳು ಕೊಲೆಗಾರನದು ಅನ್ನಿಸಲಿಲ್ಲ.

ಅದಕ್ಕೇ ಇಲ್ಲಿಗೆ ಬಂದಿದ್ದೆ. ಉಳಿದ ಪಾಕದ ಡಬ್ಬಿ, ಇನ್ನೊಂದು ಕೈಗವಸು, ಒಂದು ಪುಟ್ಟ ಬಾಣಲೆ, ಮೂರೂ ನನ್ನ ಚೀಲದಲ್ಲೇ ಇದ್ದವು.

ಪ್ರಧಾನ ಸಂಪಾದಕ ಥಡಿಯಸ್ ಕ್ರೋವೆಲ್ ಗಾಜಿನ ಗೂಡಿನಂಥ ತಮ್ಮ ಕೋಣೆಯಿಂದ ಎದ್ದು ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಬಿಳಿ ಹುಬ್ಬು, ಯಾರನ್ನು ಕಂಡರೂ ಪೆಪ್ಪರ್‌ಮಿಂಟ್ ಡಬ್ಬಿ ಚಾಚುವ ಅಭ್ಯಾಸ. ಈ ಮಹಡಿಯಲ್ಲಿ ನನ್ನನ್ನು ಮನುಷ್ಯನಂತೆ ಕಂಡವರು ಅವರೊಬ್ಬರೇ. ನನ್ನನ್ನು ಮಾತಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ಬಾಯಿ ತೆರೆಯಲು ಅನುಮತಿ ಇರುವ ಜಾಗ ಅದೊಂದೇ. ಒಂದು ಮೇಜು, ಒಂದು ಟೆಲಿಫೋನ್, ಕಾಫಿ ಕಾಯಿಸುವ ವಿದ್ಯುತ್ ಒಲೆ, ಒಂದು ಕಡೆ ಪೂರ್ತಿ ಗಾಜಿನ ಗೋಡೆ. ಬಾಗಿಲ ಮೇಲಿನ ಗವಾಕ್ಷಿ ಬಣ್ಣ ಮೆತ್ತಿ ಅರ್ಧ ತೆರೆದೇ ಅಂಟಿಕೊಂಡಿತ್ತು.

"ವಿನಿಫ್ರೆಡ್ ಹತ್ರ ಮಾತಾಡ್ಬೇಕಾ? ಮೆತ್ತಗೆ ಮಾತಾಡಿ," ಎಂದರು. "ಮೂವತ್ತೊಂದು ವರ್ಷದಿಂದ ಇಲ್ಲಿದಾಳೆ. ಅವಳಷ್ಟು ಚೆನ್ನಾಗಿ ಅರ್ಥ ಬರೆಯೋರು ಈ ದೇಶದಲ್ಲಿ ನಾಲ್ಕು ಜನ ಇಲ್ಲ."

"ಸ್ಪೂನರ್ ಹಾಗಂದುಕೊಂಡಿರಲಿಲ್ಲ."

"ಸ್ಪೂನರ್‌ಗೆ ಯಾರೂ ಚೆನ್ನಾಗಿರಬಾರದಿತ್ತು. ಶುಕ್ರವಾರದ ಆಡಳಿತ ಸಭೇಲಿ ಅವಳನ್ನ ತೆಗೆಸೋದಿತ್ತು ಅವನ ಯೋಚನೆ." ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡರು. "ಚೀಲದಲ್ಲಿ ಏನು, ಊಟವಾ?"

"ಹೂಂ. ಆಮೇಲೆ ಬಿಸಿ ಮಾಡ್ಕೋತೀನಿ."

ಅವರು ನಕ್ಕು ಹೋದರು. ಒಳ್ಳೆಯ ಮುದುಕ, ಹತ್ತಿರ ಬಂದಾಗೆಲ್ಲ ಔಷಧಿ ಅಂಗಡಿಯ ಹಾಗೆ ಘಮ್ಮೆನ್ನುತ್ತಿದ್ದರು.

ಮಿಸ್ ಹ್ಯಾಸ್ಕಲ್ ಬಂದು ಕುಳಿತರು. ಅರವತ್ತು ದಾಟಿದ ಒಣಕಲು ಹೆಂಗಸು, ಬೂದು ಬಣ್ಣದ ಸ್ವೆಟರು, ತುರುಬಿನಲ್ಲಿ ಎರಡು ಪೆನ್ಸಿಲು. ನಾನು ಗಾಜಿಗೆ ಬೆನ್ನು ಹಾಕಿ ಕೂತೆ. ನನಗೆ ಬೇಕಾಗಿದ್ದದ್ದು ಈ ಒಂದು ಮುಖ.

"ಒಂದು ಪದದ ಅರ್ಥ ಕೇಳ್ಬೇಕಿತ್ತು."

"ಅಂಗಡೀಲಿ ನಮ್ಮ ನಿಘಂಟು ಸಿಗುತ್ತೆ ಲೆಫ್ಟಿನೆಂಟ್. ಪೊಲೀಸರಿಗೆ ಅಂತ ಚಿಕ್ಕದೂ ಇದೆ."

"ಇವೊಕೆಟಿವ್."

ಮೇಜಿನ ಮೇಲೆ ಆಡುತ್ತಿದ್ದ ಅವರ ಬೆರಳು ನಿಂತಿತು. "ಮಲಗಿರೋ ನೆನಪನ್ನೋ, ಚಿತ್ರವನ್ನೋ, ಭಾವನೆಯನ್ನೋ ಎಬ್ಬಿಸೋ ಶಕ್ತಿ ಇರೋದು. ವಾಸನೆಗೆ ಹೇಳ್ತಾರೆ. ಹಾಡಿಗೆ, ಹಳೇ ಫೋಟೋಗೆ, ಊರಿನ ಹೆಸರಿಗೆ ಹೇಳ್ತಾರೆ. ಯಾವುದರ ನೆನಪು ಅಂತ ಜೊತೇಲಿ ಹೇಳೋದು ವಾಡಿಕೆ."

"ಮನೆ ಮಾರೋ ದಲ್ಲಾಳಿಗಳೂ ಹೇಳ್ತಾರೆ."

"ಅವರು ಕೋಳಿಗೂಡಿಗೂ ಹೇಳ್ತಾರೆ."

"ಎಬ್ಬಿಸೋದು ಸಿಹಿ ನೆನಪೇ ಆಗ್ಬೇಕಾ?"

ಈಗ ಅವರ ಬೆನ್ನು ನೆಟ್ಟಗಾಯಿತು. "ನನಗೂ ಸ್ಪೂನರ್‌ಗೂ ಜಗಳ ಅದೇ. ಇನ್ನೂರ ಹನ್ನೆರಡು ಚೀಟೀಲಿ ಇನ್ನೂರ ಒಂಬತ್ತು ಸಿಹಿ. ಅರ್ಥದಲ್ಲೇ 'ಹಿತವಾದ' ಅಂತ ಸೇರಿಸಿ ಅಂದ. ನಾನು ಒಪ್ಪಲಿಲ್ಲ. ಈ ಪದ ಬಾಗಿಲು ತಟ್ಟುತ್ತೆ, ಅಷ್ಟೇ. ಒಳಗಿಂದ ಯಾರು ಎದ್ದು ಬರ್ತಾರೆ ಅನ್ನೋದು ಅದರ ಕೈಲಿಲ್ಲ. ಅಜ್ಜಿ ಬರಬಹುದು, ಹೆಣಾನೂ ಬರಬಹುದು."

"ತಟ್ಟಿ ನೋಡೋಣ್ವಾ?"

ಚೀಲದಿಂದ ಬಾಣಲೆ ತೆಗೆದು ವಿದ್ಯುತ್ ಒಲೆಯ ಮೇಲಿಟ್ಟೆ. ಪಾಕ ಸುರಿದೆ. ಇಬ್ಬರೂ ಕಾದೆವು. ಪಾಕ ಬುರಬುರನೆ ಉಬ್ಬಿತು, ಕಂದಾಯಿತು, ಕಪ್ಪಾಯಿತು. ಕೈಗವಸನ್ನು ಚೀಲದಲ್ಲೇ ಇಟ್ಟುಕೊಂಡಿದ್ದೆ, ಅದನ್ನು ಕೊನೆಗೆ ತೋರಿಸಬೇಕೆಂದು. ಹೊಗೆ ಕಣ್ಣಿಗೆ ಬಡಿದು ನಾನು ಕೆಮ್ಮತೊಡಗಿದೆ. ಮಿಸ್ ಹ್ಯಾಸ್ಕಲ್ ತೋಟದಲ್ಲಿ ಕುಳಿತವರ ಹಾಗೆ ಕುಳಿತಿದ್ದರು.

"ಇದೇನು ಅಡುಗೆ?" ಎಂದರು.

ಕೈಗವಸು ತೆಗೆದು ಬಾಣಲೆಗೆ ಹಾಕಿದೆ. ಉಣ್ಣೆ ಮುದುಡಿತು. ಆಗ ಅವರ ಕಣ್ಣು ಬಾಣಲೆಗೆ ಹೋಯಿತು, ಮೇಜಿನ ಮೇಲೆ ನಾನಿಟ್ಟಿದ್ದ ಚೀಟಿಗೆ ಹೋಯಿತು, ಮತ್ತೆ ಬಾಣಲೆಗೆ ಬಂತು. ಮುಖದಲ್ಲಿ ರಕ್ತ ಇಂಗಿಹೋಯಿತು.

ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಿದ್ದಳು ಮುದುಕಿ.

"ನಿಮ್ಮ ವಾಕ್ಯ, ನಿಮ್ಮ ಮುದ್ರೆ, ಗುರುವಾರ ಬೆಳಿಗ್ಗೆ," ಎಂದೆ. "ಹೆಣ ಸಿಕ್ಕಿದ್ದು ಶುಕ್ರವಾರ."

"ಸ್ಪೂನರ್ ಒಲೆ ಮೇಲೆ ಇದೇ ಇತ್ತಾ?" ಎಂದರು.

"ನೀವು ಹೇಳಿ."

ಅವರು ಚೀಟಿಯನ್ನು ಬೆರಳ ತುದಿಯಿಂದ ನನ್ನತ್ತ ಸರಿಸಿದರು. ಆಮೇಲೆ ತುರುಬಿನ ಪೆನ್ಸಿಲುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಮನಾಗಿ ಜೋಡಿಸಿದರು. ಕೆಲಸ ಮುಗಿಸಿ ಮನೆಗೆ ಹೊರಟವರ ಹಾಗೆ.

"ಹೌದು. ನಾನೇ ಕೊಂದೆ. ಬರ್ಕೊಳ್ಳಿ."

"ಹೇಗೆ?"

"ಸಲಾಕೆ ತಗೊಂಡು. ಹಿಂದಿನಿಂದ."

"ಎಷ್ಟು ಏಟು?"

"ಒಂದು."

ಸ್ಪೂನರನ ತಲೆಗೆ ಬಿದ್ದಿದ್ದು ಮೂರು. ಮೂರನೆಯದು ಅವನು ನೆಲಕ್ಕೆ ಬಿದ್ದ ಮೇಲೆ. ಸಲಾಕೆಯ ಸುದ್ದಿ ಪತ್ರಿಕೆಯಲ್ಲಿತ್ತು, ಏಟಿನ ಲೆಕ್ಕ ಇರಲಿಲ್ಲ. ನನ್ನ ಸಂತೋಷ ಅಲ್ಲಿಗೆ ಇಳಿಯಿತು.

ಆಗ ಹೊಳೆಯಿತು. ಹೊಗೆ ಕೋಣೆ ತುಂಬಿ ಐದು ನಿಮಿಷವಾದರೂ ಈ ಮುಖ ಕದಲಿರಲಿಲ್ಲ. ಕದಲಿದ್ದು ಕಣ್ಣಾರೆ ಕಂಡಾಗ. ಸ್ಪೂನರನ ಕೆಂಪು ಶಾಯಿ ನೆನಪಾಯಿತು. ಈ ಮೂಗು ಯಾರದು, ಮಿಸ್ ಹ್ಯಾಸ್ಕಲ್? ನಾನು ಅದನ್ನು ಬರೀ ಕೊಂಕು ಎಂದುಕೊಂಡಿದ್ದೆ.

"ಕಣ್ಣು ಮುಚ್ಚಿ."

"ಯಾಕೆ?"

"ಮುಚ್ಚಿ ಅಂದೆ."

ಮುಚ್ಚಿದರು. ಒಲೆಯ ಪಕ್ಕದ ಕಾಫಿಪುಡಿ ಡಬ್ಬಿ ತೆರೆದು ಅವರ ಮೂಗಿಗೆ ತಾಗುವಂತೆ ಹಿಡಿದೆ. "ಇದೇನು?"

"ಆ ಕೈಗವಸು," ಎಂದರು ಗಟ್ಟಿಯಾಗಿ. "ಸುಟ್ಟ ಉಣ್ಣೆ."

"ಕಣ್ಣು ಬಿಡಿ."

ಡಬ್ಬಿ ನೋಡಿದರು. ಮೂವತ್ತೊಂದು ವರ್ಷ ಕೆಂಪು ಶಾಯಿಗೆ ಅಳದ ಹೆಂಗಸಿನ ತುಟಿ ಮೊದಲ ಸಲ ನಡುಗಿತು. ನಾನು ಮಾಡಿದ್ದು ಕುರುಡಿಯ ಮುಂದೆ ಕಾಲು ಚಾಚಿದಂಥ ಕೆಲಸ. ನಾಚಿಕೆಯಾಯಿತು, ಆದರೆ ನಿಲ್ಲಿಸಲಿಲ್ಲ.

"ಯಾವಾಗಿಂದ?"

"ಒಂಬತ್ತನೇ ವಯಸ್ಸಲ್ಲಿ ಜ್ವರ ಬಂತು. ಅವತ್ತಿಂದ ನನಗೆ ಲೈಲಾಕೂ ಒಂದೇ, ಚರಂಡೀನೂ ಒಂದೇ."

"ಸ್ಪೂನರ್‌ಗೆ ಗೊತ್ತಾಯ್ತು."

"ಒಂದು ದಿನ ಇಲ್ಲಿ ಅನಿಲ ಸೋರ್ತಿದ್ದಾಗ ನಾನೊಬ್ಬಳೇ ಎದ್ದು ಹೋಗಲಿಲ್ಲ. ಅವನು ಬಾಗಿಲಲ್ಲಿ ನಿಂತು ನೋಡ್ತಾ ಇದ್ದ. ಎಬ್ಬಿಸಲಿಲ್ಲ. ಸುಮ್ನೆ ನೋಡ್ತಾ ಇದ್ದ."

"ವಾಸನೆ ಗೊತ್ತಿಲ್ಲದೋರು ವಾಸನೆ ವಾಕ್ಯ ಬರೀತಾರೆ ಅಂತ ಶುಕ್ರವಾರದ ಸಭೇಲಿ ಹೇಳಿ ನಗಾಡ್ತಿದ್ದ," ಎಂದೆ.

"ನಗಾಡಿ ಆಚೆಗೆ ಹಾಕಿಸ್ತಿದ್ದ."

"ಅಂದ್ರೆ ಇಷ್ಟು ವರ್ಷ ನಿಮಗೆ ಯಾರೋ ವಾಸನೆ ಹೇಳಿಕೊಟ್ಟಿದಾರೆ. ಲೈಲಾಕು, ಕಡಲು, ಮಳೆ. ಗುರುವಾರ ಬೆಳಿಗ್ಗೆ ಹೋಗಿ, ಇನ್ನೂ ಯಾರೂ ಬಳಸದೇ ಇರೋ ವಾಸನೆ ಒಂದು ಕೊಡಿ ಅಂತ ಕೇಳಿದಿರಿ. ಹಿಂದಿನ ರಾತ್ರಿಯೆಲ್ಲ ಅವರ ಮೂಗಲ್ಲಿ ಒಂದೇ ವಾಸನೆ ಇತ್ತು. ಅದು ಬಾಯಿಗೆ ಬಂದುಬಿಡ್ತು. ಬಾಲ್ಯದ ಅಡುಗೆಮನೆ ಅಂತ ಸಕ್ಕರೆ ಹಾಕಿದ್ದು ನೀವು."

ಅವರು ಕಾಫಿಪುಡಿ ಡಬ್ಬಿಯ ಮುಚ್ಚಳ ಹಾಕಿದರು.

"ಯಾರು ಹೇಳಿಕೊಟ್ಟಿದ್ದು?"

"ನಾನೇ ಕೊಂದೆ ಅಂದ್ನಲ್ಲ."

"ಒಂದೇ ಏಟಿಗಾ? ಮೂರು ಬಿದ್ದಿತ್ತು ಮಿಸ್ ಹ್ಯಾಸ್ಕಲ್. ಮೂರನೇದು ಬಿದ್ದವನ ಮೇಲೆ. ಅಷ್ಟೊಂದು ಕೋಪ ಯಾರಿಗಿತ್ತು? ನಿಮಗೋಸ್ಕರ ಅಷ್ಟು ಕೋಪ ಮಾಡ್ಕೊಳ್ಳೋರು ಯಾರಿದಾರೆ?"

ಅದು ತಾಗಿತು. ಅವರು ಕಣ್ಣು ಕೆಳಗೆ ಹಾಕಿದರು. ಆ ಮುಖದಲ್ಲಿ ನೋವಿನ ಜೊತೆಗೆ ಇನ್ನೂ ಏನೋ ಇತ್ತು. ಅರವತ್ತು ವರ್ಷಕ್ಕೆ ಮೊದಲ ಬಾರಿ ತನಗಾಗಿ ಯಾರೋ ಏನೋ ಮಾಡಿದರು ಎಂದು ತಿಳಿದವಳ ಮುಖ ಅದು.

"ನಾಲ್ಕು ಗಂಟೆಗೆ ವೊಯ್ತಾಸ್‌ನ ಒಯ್ತಾರೆ," ಎಂದೆ. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಮುದುಕ ಜೈಲಲ್ಲೇ ಸಾಯ್ತಾನೆ. ಹೇಳಿ."

"ಅವನನ್ನ ಬಿಡಿ. ನನ್ನನ್ನ ಒಯ್ಯಿರಿ. ನಿಮಗೆ ಒಬ್ಬರು ಬೇಕು, ಅಷ್ಟೇ ತಾನೆ?"

ಟೆಲಿಫೋನ್ ಹೊಡೆದುಕೊಂಡಿತು. ಡೂಲಿ.

"ಬಾಸ್, ಕೆಲಸ ಮುಗೀತು! ವೊಯ್ತಾಸ್ ಸಹಿ ಹಾಕ್ಬಿಟ್ಟ."

"ಏನಂತ?"

"ನಾನೇ ಕೊಂದೆ, ಪಾಕದ ಮುಂದೆ, ಕುಡಿದಿದ್ದೆ, ನಾನೇ ಕೊಂದೆ ಅಂತ. ನೀವು ಹೋದ್ಮೇಲೆ ನಾನು ಇನ್ನೊಂದು ಬಾಣಲೆ ಹಚ್ಚಿದೆ. ಆಮೇಲೆ ಇನ್ನೊಂದು. ಮೂರನೇದಕ್ಕೆ ಮೊಣಕಾಲೂರಿದ. ಏನ್ ತಲೆ ಬಾಸ್ ನಿಮ್ದು!"

"ಹಾನ್ಯಾ ಯಾರು?"

"ಅವನ ಮಗಳಂತೆ. ಐವತ್ತೊಂದನೇ ಇಸವೀಲಿ ಪಾಕ ಕಾಯಿಸೋ ಕಡಾಯಿಗೆ ಬಿದ್ದು ಸತ್ತಿದ್ಲಂತೆ, ಮೂರು ವರ್ಷದ ಮಗು. ಇವನು ಪಕ್ಕದಲ್ಲೇ ಕುಡಿದು ಮಲಗಿದ್ನಂತೆ."

"ಅವನು ಒಪ್ಪಿಕೊಂಡಿದ್ದು ಅದನ್ನ ಕಣೋ, ದನ!"

"ಕಾಗದದಲ್ಲಿ ಹೆಸರಿಲ್ಲ ಬಾಸ್. 'ಕೊಂದೆ' ಅಂತ ಇದೆ, ಅಷ್ಟೇ. ವಕೀಲರು ಆಗಲೇ ತಗೊಂಡು ಹೋದ್ರು. ಬೇರೆ ಯಾರದ್ದಾದ್ರೂ ಲಿಖಿತ ತಪ್ಪೊಪ್ಪಿಗೆ ಇದ್ರೆ ಮಾತ್ರ ನಿಲ್ಲಿಸ್ತೀನಿ ಅಂದ್ರು."

ಫೋನ್ ಇಟ್ಟೆ. ಇಪ್ಪತ್ತಮೂರು ವರ್ಷ ಆ ಮುದುಕ ಕುಡಿದು ಕುಡಿದು ಮಲಗಿಸಿದ್ದ ಮಗುವನ್ನು ನಾನು ಒಂದು ಡಾಲರಿನ ಪಾಕದಲ್ಲಿ ಎಬ್ಬಿಸಿದ್ದೆ. ಈ ಕೆಲಸದಲ್ಲಿ ಬಹಳ ಜನರನ್ನು ಹೊಡೆದಿದ್ದೇನೆ. ಯಾರನ್ನೂ ಇಷ್ಟು ಕೆಟ್ಟದಾಗಿ ಹೊಡೆದಿರಲಿಲ್ಲ.

ಮಿಸ್ ಹ್ಯಾಸ್ಕಲ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ನಾನು ಹೇಳ್ಲಿಲ್ವಾ," ಎಂದರು ಮೆಲ್ಲಗೆ. "ಯಾರು ಎದ್ದು ಬರ್ತಾರೆ ಅನ್ನೋದು ಅದರ ಕೈಲಿಲ್ಲ."

ಆಮೇಲೆ ಅವರ ನೋಟ ನನ್ನ ಭುಜದ ಮೇಲಿಂದ ಗಾಜಿನಾಚೆ ಹೋಗಿ ಅಲ್ಲೇ ನಿಂತಿತು. ನಾನು ತಿರುಗಿದೆ.

ಗವಾಕ್ಷಿಯ ಮೂಲಕ ಹೊಗೆ ಇಡೀ ಮಹಡಿಗೆ ಹರಡಿತ್ತು. ಎಲ್ಲರೂ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಮಾತಾಡುವಂತಿಲ್ಲದೆ, ನಮ್ಮನ್ನೇ ನೋಡುತ್ತಿದ್ದರು. ಪ್ರಧಾನ ಸಂಪಾದಕರ ಗಾಜಿನ ಗೂಡು ಮಾತ್ರ ಖಾಲಿ. ಗೂಟದಲ್ಲಿ ಕೋಟಿರಲಿಲ್ಲ. ನೆಲದ ಮೇಲೆ ಪೆಪ್ಪರ್‌ಮಿಂಟ್ ಡಬ್ಬಿ ಬೋರಲು ಬಿದ್ದು ಬಿಳಿ ಗುಳಿಗೆಗಳು ಬಾಗಿಲವರೆಗೂ ಉರುಳಿದ್ದವು.

ನಾನು ತಪ್ಪು ಮುಖವನ್ನು ಕಾಯುತ್ತ ಕೂತಿದ್ದೆ. ನಿಜವಾದ ಮುಖ ನನ್ನ ಬೆನ್ನ ಹಿಂದೆ ಇತ್ತು.

"ಕ್ರೋವೆಲ್," ಎಂದೆ. "ನಿಮ್ಮ ಮೂಗು ಕ್ರೋವೆಲ್."

"ಅವರು ಹೋದ್ರಾ?" ಎಂದರು ಮಿಸ್ ಹ್ಯಾಸ್ಕಲ್. ಉತ್ತರ ಅದರಲ್ಲೇ ಇತ್ತು.

ಬಾಗಿಲು ತೆರೆಯಿತು. ಬರ್ನಿಸ್. ಕೈಯಲ್ಲಿ ಮಡಚಿದ ಗುಲಾಬಿ ಚೀಟಿ. "ಯಜಮಾನರು ಕೊಟ್ಟು ಹೋದ್ರು. ಅಳ್ತಾ ಇದ್ರು. ಮಿಸ್ ಹ್ಯಾಸ್ಕಲ್‌ಗೆ ಕೊಡು, ಅವಳು ಓದಿದ್ಮೇಲೆ ಲೆಫ್ಟಿನೆಂಟ್‌ಗೆ ಕೊಡ್ತಾಳೆ ಅಂದ್ರು."

ಮಡಚಿದ ಚೀಟಿಯನ್ನು ತರುವವರು ಓದುವುದಿಲ್ಲ. ಅದೂ ಇಲ್ಲಿನ ಕಟ್ಟಳೆ. ನಾನು ಕೈ ಚಾಚುವಷ್ಟರಲ್ಲಿ ಅದು ಮಿಸ್ ಹ್ಯಾಸ್ಕಲ್ ಕೈ ಸೇರಿತ್ತು. ಅವರು ಬಿಡಿಸಿ ಓದಿದರು. ತೆಳು ಕಾಗದದ ಹಿಂಬದಿಗೆ ಸಣ್ಣ ಅಕ್ಷರದ ನಾಲ್ಕೈದು ಸಾಲು ಕಾಣುತ್ತಿತ್ತು. ಕೆಳಗೆ ಸಹಿ, ಪಕ್ಕದಲ್ಲಿ ನೇರಳೆ ಮುದ್ರೆ: ಟಿ. ಕ್ರೋವೆಲ್, ೧೯ ಮಾರ್ಚ್ ೧೯೭೪. ಓಡಿಹೋಗುವ ಮುಂಚೆಯೂ ತಾರೀಕು ಒತ್ತಿ ಹೋದ ಮನುಷ್ಯ.

ಲಿಖಿತ. ವೊಯ್ತಾಸ್‌ಗೆ ಬೇಕಾದದ್ದು ಅದೊಂದೇ. ಗೋಡೆಯ ಗಡಿಯಾರದಲ್ಲಿ ಮೂರು ಇಪ್ಪತ್ತು.

"ಕೊಡಿ," ಎಂದೆ. ಆತುರಪಡಲಿಲ್ಲ. ಮೂವತ್ತೊಂದು ವರ್ಷ ಈ ಮನೆಯ ಅನ್ನ ತಿಂದವಳು ಚೀಟಿಯನ್ನು ಏನು ಮಾಡಿಯಾಳು ಎಂಬ ಧೈರ್ಯ. ಕ್ರೋವೆಲ್‌ಗೂ ಅದೇ ಧೈರ್ಯ ಇತ್ತು, ಅದಕ್ಕೇ ಅವಳ ಕೈಗೆ ಕೊಟ್ಟುಹೋಗಿದ್ದ.

ಮಿಸ್ ಹ್ಯಾಸ್ಕಲ್ ಇನ್ನೊಮ್ಮೆ ಓದಿದರು. ತುಟಿ ಅಲುಗುತ್ತಿತ್ತು, ಬಾಯಿಪಾಠ ಮಾಡುವವರ ಹಾಗೆ. ಆಮೇಲೆ ಎಡಗೈಯಿಂದ ಬಾಣಲೆಯನ್ನು ಒಲೆಯಿಂದ ಸರಿಸಿ, ಬಲಗೈಯಿಂದ ಚೀಟಿಯನ್ನು ಕೆಂಪಗೆ ಕಾದ ಸುರುಳಿಯ ಮೇಲೆ ಇಟ್ಟು ಅಂಗೈಯಿಂದ ಒತ್ತಿ ಹಿಡಿದರು.

ಬರ್ನಿಸ್ ಕಿರುಚಿದಳು. ಆ ಮಹಡಿಯಲ್ಲಿ ಯಾರೂ ಅಂಥ ದನಿ ಕೇಳಿರಲಿಲ್ಲ. ನಾನು ಹಾರಿ ಅವರ ಮಣಿಕಟ್ಟು ಹಿಡಿದು ಎಳೆದೆ. ನನ್ನ ಬೆರಳು ಸುಟ್ಟಿತು. ಅಂಗೈ ಮೇಲೆದ್ದಾಗ ಅದರಡಿ ಕಪ್ಪು ಬೂದಿಯೂ ಚರ್ಮವೂ ಒಂದಾಗಿ ಅಂಟಿಕೊಂಡಿದ್ದವು. ಒಂದಕ್ಷರ ಉಳಿದಿರಲಿಲ್ಲ.

ಅವರು ಕೂಗಲಿಲ್ಲ. ಸುಟ್ಟ ಅಂಗೈಯನ್ನು ಪರರದ್ದೇನೋ ಎಂಬಂತೆ ಮುಖದ ಹತ್ತಿರ ಹಿಡಿದು ನೋಡಿದರು.

"ಇದು ಹೇಗೆ ವಾಸನೆ ಬರುತ್ತೆ, ಲೆಫ್ಟಿನೆಂಟ್?" ಎಂದರು. "ಹೇಳಿ. ನನಗೆ ಹೇಳೋರು ಇನ್ಯಾರೂ ಇಲ್ಲ."